ತೆಕ್ಲಾಳಿಗೆಂದು ಕಾಯಿಸಿದ ಮನೆ

ಆ ವರ್ಷ ನಮ್ಮ ಸಸ್ಕಾಚೆವಾನ್ ಬಯಲಿಗೆ ಬಂದ ಚಳಿಗೆ ಕಾಗೆಗಳು ಹಾರುತ್ತ ಹಾರುತ್ತಲೇ ಆಕಾಶಕ್ಕೆ ಅಂಟಿಕೊಂಡವು. ವಸಂತ ಬಂದ ಮೇಲೆ ಏಣಿ ಹಾಕಿ ಬಿಡಿಸಬೇಕಾಯಿತು. ಚಹಾ ಬಗ್ಗಿಸಿದರೆ ಬಟ್ಟಲು ಮುಟ್ಟುವ ಮೊದಲೇ ಕೋಲಾಗಿ ನಿಲ್ಲುತ್ತಿತ್ತು. ಮಂಡಿನೋವಿನ ಮುದುಕರು ಅದನ್ನೇ ಊರಿಕೊಂಡು ಚರ್ಚಿಗೆ ಹೋದರು. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ಕಡಿಮೆ ಹೇಳಿದ್ದರಲ್ಲಿ ಮಾತ್ರ.

ಅಂಥ ಚಳಿಯಲ್ಲೂ ಮನೆಮನೆಗೆ ಹೋಗಿ ಮುದುಕರಿಗೆ ಮೈ ಒರೆಸಿ, ಗಾಯಕ್ಕೆ ಪಟ್ಟಿ ಕಟ್ಟಿ, ಮಾತ್ರೆ ನುಂಗಿಸಿ ಬರುವ ಕೆಲಸ ಒಡಾರ್ಕಾ ಸ್ಕಿಬಾಳದು. ಊರಿನ ಮನೆ-ಆರೈಕೆ ಆಫೀಸಿನಲ್ಲಿ ಅವಳಷ್ಟು ಹಳಬರು ಯಾರೂ ಇಲ್ಲ, ಅವಳಷ್ಟು ಬಾಯಿಯಿದ್ದವರು ಇಡೀ ಬಯಲಿನಲ್ಲೇ ಇಲ್ಲ. ಅವಳ ಬಾಯಿಗೆ ಬಿದ್ದ ಇಲಿ ಕರಡಿಯಾಗಿಯೇ ಹೊರಗೆ ಬರುತ್ತಿತ್ತು. ಒಮ್ಮೆ ಹಿಮದಲ್ಲಿ ಹೂತ ಕಾರನ್ನು ಒಂದೇ ಕೈಯಲ್ಲಿ ಎತ್ತಿ ರಸ್ತೆಗಿಟ್ಟಿದ್ದಳಂತೆ. ಇನ್ನೊಂದು ಕೈಯಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ, "ರೋಗಿ" ಅನ್ನುತ್ತಿದ್ದಳು.

ಬಿರುಗಾಳಿಯ ದಿನಕ್ಕೆ ಆಫೀಸಿನದೊಂದು ನಿಯಮವಿತ್ತು. ಆ ದಿನ ಯಾರೂ ದಾರಿಗೆ ಇಳಿಯಬಾರದು. ಒಬ್ಬೊಬ್ಬ ಮುದುಕರಿಗೂ ಫೋನು ಮಾಡಿ "ಜೊತೆಗೆ ಯಾರಾದರೂ ಇದ್ದಾರಾ?" ಎಂದು ಕೇಳಬೇಕು. ಇದ್ದಾರೆ ಅಂದವರನ್ನು ಬಿಟ್ಟು, ಇಲ್ಲ ಅಂದವರ ಕಡೆ ಪೊಲೀಸರನ್ನೋ ಹಿಮ ತಳ್ಳುವ ಗಾಡಿಯನ್ನೋ ಕಳಿಸಬೇಕು. ಆ ಫೋನುಗಳನ್ನು ಮಾಡುತ್ತಿದ್ದವಳು ಗ್ವೆಂಡಾ. ಎಲೆ ಉದುರುವ ಕಾಲದಲ್ಲಷ್ಟೇ ನಗರದಿಂದ ಬಂದವಳು, ಒಳ್ಳೆಯ ಹುಡುಗಿ.

ಪವಿತ್ರ ಸಂಜೆಯ ದಿನ, ಅಂದರೆ ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ಸಿನ ಹಿಂದಿನ ದಿನ, ಬೆಳಿಗ್ಗೆಯೇ ಗಾಳಿ ಎದ್ದಿತು. ಒಡಾರ್ಕಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಗ್ವೆಂಡಾಳ ಫೋನು ಬಂತು.

"ನಿಮ್ಮ ಮುದುಕರೆಲ್ಲ ಆರಾಮಾಗಿದ್ದಾರೆ, ನೀವು ಹಬ್ಬ ಮಾಡಿ. ಪರಾಸ್ಕಾ ಮೆಲ್ನಿಚುಕ್ ಅಜ್ಜಿ ಬಗ್ಗೆ ಸ್ವಲ್ಪ ಯೋಚ್ನೆ ಇತ್ತು, ಕರೆಂಟ್ ಬೇರೆ ಹೋಗಿದೆ ಅಲ್ಲಿ. ಆದ್ರೆ ಪರವಾಗಿಲ್ಲ, ಊಟಕ್ಕೆ ಯಾರೋ ಬರ್ತಿದ್ದಾರಂತೆ."

"ಯಾರು?"

"ತೆಕ್ಲಾ ಅಂತೆ. ಅವಳಿಗೆ ಚಳಿ ಜಾಸ್ತಿ ಆಗುತ್ತೆ, ಮನೆ ಚೆನ್ನಾಗಿ ಕಾಯಿಸಿ ಇಡ್ಬೇಕು, ಫೋನ್ ಇಡು ಮಗಾ ಅಂದ್ರು. ಆಮೇಲೆ ಲೈನೇ ಸತ್ತುಹೋಯ್ತು."

ಒಡಾರ್ಕಾಳ ಕೈ ಹಿಟ್ಟಿನಲ್ಲೇ ನಿಂತಿತು.

"ತೆಕ್ಲಾ ಸತ್ತು ಮೂರು ವರ್ಷ ಆಯ್ತು ಕಣಮ್ಮಾ."

ಗ್ವೆಂಡಾ ಸಣ್ಣ ದನಿಯಲ್ಲಿ ಕೇಳಿದಳು: "ಹಾಗಾದ್ರೆ ಬರ್ತಿರೋದು ಯಾರು?"

ತೆಕ್ಲಾ ಬೊಯ್ಕೊ ಇದೇ ಆಫೀಸಿನವಳು. ಇಂಥದೇ ಗಾಳಿಯ ದಿನ, ಪರಾಸ್ಕಾ ಅಜ್ಜಿಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೊರಟು, ಅಜ್ಜಿಯ ಮನೆದಾರಿ ಶುರುವಾಗುವಲ್ಲೇ ಅವಳ ಕಾರು ಹೂತಿತು. ಕಾರು ಹೂತರೆ ಇಳಿಯಬಾರದು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕಾರು ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ತೆಕ್ಲಾ ಇಳಿದಳು. ಗಾಳಿ ನಿಂತ ಮೇಲೆ ಕಾರಿಗೂ ಮನೆಗೂ ನಡುವೆ ಸಿಕ್ಕಳು, ಮುಖ ಮನೆಯ ಕಡೆಗಿತ್ತು. ಅಂದಿನಿಂದ ಪರಾಸ್ಕಾ ಅಜ್ಜಿ ಗಾಳಿಯ ದಿನ ಕಿಟಕಿಯಲ್ಲಿ ದೀಪ ಇಡುವುದನ್ನು ಬಿಟ್ಟಳು. ಯಾಕೆ ಎಂದು ಕೇಳಿದವರಿಗೆ ಬೆನ್ನು ತೋರಿಸುತ್ತಿದ್ದಳು.

ಒಡಾರ್ಕಾಳ ತಲೆಗೆ ದೆವ್ವಕ್ಕಿಂತ ಮೊದಲು ಹೊಕ್ಕದ್ದು ಒಲೆ. ನಮ್ಮ ಜನ ಪವಿತ್ರ ಸಂಜೆ ಸತ್ತವರಿಗೊಂದು ತಟ್ಟೆ ಇಡುತ್ತಾರೆ, ಅದು ಇದ್ದದ್ದೇ. ಆದರೆ ಚಳಿಯಲ್ಲಿ ಸತ್ತವಳಿಗೆಂದು ಮನೆ ಕಾಯಿಸಲು ಹೊರಟ ಮುದುಕಿ ಏನು ಮಾಡುತ್ತಾಳೆ? ಬಿಸಿ ಹೊರಗೆ ಹೋಗಬಾರದೆಂದು ಹೊಗೆಕೊಳವೆಯೊಳಗೆ ಹೊಗೆ ತಡೆಯುವ ಅಡ್ಡಬಿಲ್ಲೆ ತಿರುಗಿಸಿ ಮುಚ್ಚುತ್ತಾಳೆ. ಬಿಲ್ಲೆ ಮುಚ್ಚಿದ ಮನೆಯಲ್ಲಿ ಕೆಂಡ ಬಿಡುವ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಜೋಗುಳ ಹಾಡಿ ಮಲಗಿಸಿಬಿಡುತ್ತದೆ.

"ನೀವು ಹೋಗೋ ಹಾಗಿಲ್ಲ, ಒಡಾರ್ಕಾ," ಗ್ವೆಂಡಾ ಅಂದಳು. "ಹಿಮ ತಳ್ಳೋ ಗಾಡಿ ಜೊತೆ ಆದ್ರೆ ಮಾತ್ರ. ನಾನು ಡ್ರೈವರ್ ಮೇತ್ರೋಗೆ ವೈರ್‌ಲೆಸ್‌ನಲ್ಲಿ ಹೇಳ್ತೀನಿ. ಒಬ್ಬರೇ ಅಂತೂ ಬೇಡ. ಕೇಳಿಸ್ತಾ? ಹಲೋ?"

ಒಡಾರ್ಕಾ ಆಗಲೇ ಒಂದು ಬೂಟು ಹಾಕಿಕೊಂಡಾಗಿತ್ತು.

ಮೇತ್ರೋ ಜಜೂಲಾನ ಗಾಡಿ ಒಂದು ಮನೆಯಷ್ಟು ಎತ್ತರ. ಅದರ ಮುಂದಿನ ಕಬ್ಬಿಣದ ರೆಕ್ಕೆ ಬೆಟ್ಟವನ್ನೂ ಪಕ್ಕಕ್ಕೆ ಸರಿಸೀತು. ನಮ್ಮಲ್ಲಿ ಬೆಟ್ಟ ಇಲ್ಲದಿರುವುದಕ್ಕೆ ಅದೇ ಕಾರಣವೆಂದು ಮೇತ್ರೋನ ವಾದ.

"ನಿನ್ನ ಗಾಡಿಗಿಂತ ನಮ್ಮಜ್ಜಿ ಸಾಕಿದ ಹಂದಿ ಜೋರಾಗಿ ಓಡ್ತಿತ್ತು," ಒಡಾರ್ಕಾ ಅಂದಳು.

"ಹಾಗಾದ್ರೆ ಹಂದೀನೇ ಕರೀಬೇಕಿತ್ತು. ಇಳೀತೀಯಾ?"

"ಮುಂದೆ ನೋಡ್ಕೊಂಡು ಓಡ್ಸೋ ಮಾರಾಯ."

"ಏನಿದೆ ಅಂತ ನೋಡ್ಲಿ? ಬಿಳೀ ದುಪ್ಪಟಿ ಹೊದ್ಕೊಂಡು ಕೂತ ಹಾಗಿದೆ."

ನಿಜಕ್ಕೂ ಹಾಗೇ ಇತ್ತು. ನೆಲವಿಲ್ಲ, ಆಕಾಶವಿಲ್ಲ. ಗಾಳಿ ಹಿಮವನ್ನು ಅಡ್ಡಡ್ಡ ಎಳೆಯುತ್ತಿತ್ತು. ಅಜ್ಜಿಯ ಮನೆದಾರಿಯ ಬೇಲಿಗೂಟ ಕಂಡಾಗ ಮೇತ್ರೋ ಗಾಡಿ ನಿಲ್ಲಿಸಿದ. ಅವನು ಇನ್ನೂ ಮುಂದೆ ಹೋಗಿ ಆಂಬುಲೆನ್ಸ್‌ಗೆ ದಾರಿ ಬಿಡಿಸಬೇಕಿತ್ತು. ಆ ಕಡೆ ಒಬ್ಬ ಬಸುರಿಗೆ ನೋವು ಶುರುವಾಗಿತ್ತು.

"ವಾಪಸ್ ಬರೋವಾಗ ಹಿಮ ತಳ್ಕೊಂಡು ಮನೆ ಬಾಗಿಲಿಗೇ ಬರ್ತೀನಿ," ಅಂದ. "ನಡುವೆ ಕೆರೆ ಹತ್ರ ತಿರುವಿದೆ. ಮನೆ ಎಲ್ಲಿದೆ ಅಂತ ಕಣ್ಣಿಗೆ ಬಿದ್ರೆ ಸರಿ. ಬೀಳದಿದ್ರೆ ಇಳಿದು ನಡ್ಕೊಂಡೇ ಬರ್ತೀನಿ."

"ನೀನು ಇಳೀಬೇಡ."

"ನೀನು ಇಳಿಬೋದು, ನಾನು ಇಳೀಬಾರ್ದು?"

"ನಾನು ಒಡಾರ್ಕಾ ಕಣೋ. ಚಳಿ ನನ್ನ ನೋಡಿದ್ರೆ ಸ್ವೆಟರ್ ಹಾಕ್ಕೊಳ್ಳುತ್ತೆ."

"ಬೇಲಿ ತಂತಿ ಬಿಡ್ಬೇಡ, ಒಡಾರ್ಕಾ." ಮೇತ್ರೋ ನಗಲಿಲ್ಲ. "ಆಣೆ ಮಾಡಿ ಹೇಳ್ತೀನಿ, ಬಿಡ್ಬೇಡ."

ಬೇಲಿಯ ತಂತಿ ಗೇಟಿನವರೆಗೂ ಇತ್ತು. ಒಡಾರ್ಕಾ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದಳು. ಕಣ್ಣೆವೆಗಳು ಒಂದಕ್ಕೊಂದು ಹೆಪ್ಪುಗಟ್ಟಿದವು. ದವಡೆ ಮರಗಟ್ಟಿತು. ಗಾಡಿಯ ಸದ್ದು ಹಿಂದೆ ಎಲ್ಲೋ ಅಳಿಸಿಹೋದ ಮೇಲೆ ತಂತಿಯ ಹಾಡು ಮಾತ್ರ ಉಳಿಯಿತು, ದೂರದಲ್ಲಿ ಯಾರೋ ಹಲ್ಲು ಕಚ್ಚಿಕೊಂಡು ಅಳುವ ಹಾಗೆ.

ಆಗ ಕಂಡವು ಹೆಜ್ಜೆಗಳು.

ನಮ್ಮ ಬಯಲಿನಲ್ಲಿ ಹೆಜ್ಜೆ ತಗ್ಗಾಗಿ ಉಳಿಯುವುದಿಲ್ಲ. ಕಾಲಡಿಯ ಹಿಮ ಗಟ್ಟಿಯಾಗಿ, ಸುತ್ತಲ ಪುಡಿ ಹಿಮವನ್ನು ಗಾಳಿ ಹೊತ್ತುಕೊಂಡು ಹೋಗಿ, ಹೆಜ್ಜೆಗಳೇ ಸಣ್ಣ ಸಣ್ಣ ಪೀಠಗಳಂತೆ ಎದ್ದು ನಿಲ್ಲುತ್ತವೆ. ಇವೂ ಹಾಗೇ ನಿಂತಿದ್ದವು, ಹೆಂಗಸಿನ ಬೂಟಿನವು. ರಸ್ತೆಯ ಕಡೆಯಿಂದ ಮನೆಯ ಕಡೆಗೆ ಹೋಗಿದ್ದವು. ಮನೆಯಿಂದ ಹೊರಗೆ ಬಂದದ್ದು ಒಂದೂ ಇರಲಿಲ್ಲ. ಅಜ್ಜಿಯವೇ ಇರಬೇಕು ಎಂದುಕೊಂಡಳು ಒಡಾರ್ಕಾ. ಬೆಳಿಗ್ಗೆ ಹೊರಗೆ ಬಂದಿರಬೇಕು. ಹೊರಗೆ ಬಂದ ಹೆಜ್ಜೆಗಳನ್ನು ಗಾಳಿ ಆರಿಸಿ ತಿಂದಿರಬೇಕು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ, ಆ ಹೆಜ್ಜೆಗಳ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆದಳು.

ಮನೆ ಎದುರಿಗೇ ಬರುವವರೆಗೆ ಕಾಣಲಿಲ್ಲ. ಒಂದು ಕಿಟಕಿಯಲ್ಲೂ ಬೆಳಕಿರಲಿಲ್ಲ. ಹೊಗೆಕೊಳವೆಯಿಂದ ಒಂದೆಳೆ ಹೊಗೆಯೂ ಏಳುತ್ತಿರಲಿಲ್ಲ.

ಬಾಗಿಲು ತಳ್ಳಿದಾಗ ಬಿಸಿ ಅವಳ ಮುಖಕ್ಕೆ ಹೊಡೆಯಿತು. ಎಂಥ ಬಿಸಿ! ಮೇಜಿನ ಮೇಲೆ ಹಿಟ್ಟಿನ ಮುದ್ದೆ ಇಟ್ಟಿದ್ದರೆ ಬ್ರೆಡ್ಡಾಗುತ್ತಿತ್ತು, ಗೋಡೆಯ ಮೇಲಿನ ಸಂತರ ಪಟಗಳು ಬೆವರುತ್ತಿದ್ದವು. ಕಿಟಕಿಗಳಿಗೆ ರಜಾಯಿ ಜಡಿದಿತ್ತು. ಒಲೆಯ ಬಾಯಿ ತೆರೆದಿತ್ತು. ಅದರೊಳಗಿನ ಕೆಂಡದ ಕೆಂಪಷ್ಟೇ ಕೋಣೆಯ ಬೆಳಕು. ಕಸೂತಿಯ ಮೇಜುಹಾಸು, ಅದರಡಿ ಒಣಹುಲ್ಲು, ಹೆಣೆದ ಬ್ರೆಡ್ಡು, ಜೇನು ಗಸಗಸೆ ಬೆರೆಸಿದ ಗೋಧಿಯ ಕುತ್ಯಾ. ಒಂದು ತಟ್ಟೆ ಅಜ್ಜಿಯ ಮುಂದೆ, ಇನ್ನೊಂದು ಖಾಲಿ ಕುರ್ಚಿಯ ಮುಂದೆ.

ಪರಾಸ್ಕಾ ಅಜ್ಜಿ ಹೂವಿನ ತಲೆವಸ್ತ್ರ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ಕೆನ್ನೆ ಬೀಟ್‌ರೂಟಿನಂತೆ ಕೆಂಪಾಗಿತ್ತು. ಬಾಗಿಲಲ್ಲಿ ಹಿಮ ಮೆತ್ತಿಕೊಂಡು ನಿಂತ ಬಿಳಿಯ ಆಕೃತಿಯನ್ನು ನೋಡಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಬಂದ್ಯಾ, ತೆಕ್ಲಾ."

ಒಡಾರ್ಕಾ ಬಾಯಿ ತೆರೆದಳು. ದವಡೆ ಅಲುಗಲಿಲ್ಲ. ಹುಟ್ಟಿದಾಗಿನಿಂದ ಮುಚ್ಚದ ಬಾಯಿ ಅಂದು ಮೊದಲ ಸಲ ಕೈಕೊಟ್ಟಿತು. ಹಿಮದಡಿ ಮೈಮೇಲೆ ಆಫೀಸಿನ ನೀಲಿ ಕೋಟು. ತೆಕ್ಲಾಳೂ ಆ ದಿನ ಅಂಥದನ್ನೇ ಹಾಕಿಕೊಂಡು ಹೋಗಿದ್ದಳು.

ಅಜ್ಜಿ ಎದ್ದು ಬಂದು ಖಾಲಿ ಕುರ್ಚಿಯ ಮೇಲೆ "ಫೂ" ಎಂದು ಊದಿದಳು. ಪವಿತ್ರ ಸಂಜೆ ನಾವು ಊದದೆ ಕೂರುವುದಿಲ್ಲ, ಯಾವುದಾದರೂ ಆತ್ಮದ ತೊಡೆಯ ಮೇಲೆ ಕೂತುಬಿಟ್ಟೇವೆಂದು.

"ಎದ್ದೇಳಿ ಪ್ರೊಕಿಪ್," ಎಂದು ಸತ್ತ ಗಂಡನನ್ನು ಗದರಿದಳು. "ಆವಾಗಿಂದ ಕೂತಿದ್ದೀರಿ. ಹುಡುಗಿ ನಡ್ಕೊಂಡು ಬಂದಿದ್ದಾಳೆ."

"ನಾನು... ಒಡಾರ್ಕಾ," ಎಂದು ಕೊನೆಗೂ ಕೊರಕಲು ದನಿಯೊಂದು ಹೊರಟಿತು. ಅದು ತನ್ನದೆಂದು ಅವಳಿಗೇ ಅನಿಸಲಿಲ್ಲ.

"ಒಡಾರ್ಕಾ ಬದುಕಿದ್ದಾಳೆ ಮಗಾ. ಇವತ್ತು ಯಾರೂ ಬರಲ್ಲ ಅಂತ ಆಫೀಸಿನವರು ಹೇಳಿದ್ದಾರೆ. ಮತ್ತೆ ಒಡಾರ್ಕಾ ಆಗಿದ್ರೆ ಇಷ್ಟೊತ್ತಿಗೆ ನನ್ನ ತಲೆ ತಿಂದು ತೇಗ್ತಿರ್ಲಿಲ್ವಾ? ಕೂತ್ಕೋ."

ಒಡಾರ್ಕಾಳ ಹಣೆ ಸಿಡಿಯತೊಡಗಿತು. ಬಿಸಿಗೋ ವಿಷಕ್ಕೋ ಕೋಣೆ ಮೆಲ್ಲಗೆ ವಾಲಿತು. ಹೆಪ್ಪುಗಟ್ಟಿದ ಕೈಗಳಲ್ಲಿ ನೋವೂ ಇರಲಿಲ್ಲ. ತಂತಿಯನ್ನು ಹಿಡಿದು ಗೇಟಿನವರೆಗೆ ಬಂದದ್ದು ನೆನಪಿತ್ತು. ಗೇಟಿನಿಂದ ಬಾಗಿಲವರೆಗೆ ಏನು ಹಿಡಿದು ಬಂದೆ? ನೆನಪಾಗಲಿಲ್ಲ. ಬಹುಶಃ ಬಂದೇ ಇಲ್ಲ. ಬಹುಶಃ ಅಲ್ಲೇ ಎಲ್ಲೋ ಮುಖ ಈ ಕಡೆ ಮಾಡಿ ಬಿದ್ದಿದ್ದೇನೆ. ಊಟಕ್ಕೆ ಕರೆದಲ್ಲಿಗೆ ಬಂದಿರುವುದು ಉಳಿದದ್ದು ಮಾತ್ರ. ಕುರ್ಚಿ ಅವಳನ್ನು ಕರೆಯುತ್ತಿತ್ತು. ಕೂತರೆ ಎಷ್ಟು ಹಾಯಾಗಿರುತ್ತದೆ ಎಂದು ಅನ್ನಿಸಿತು, ಆ ಹಾಯೇ ಅವಳನ್ನು ಹೆದರಿಸಿತು. ಕೂತವರು ಏಳುವುದಿಲ್ಲವೆಂದು ಅವಳೇ ಎಷ್ಟು ಮುದುಕರಿಗೆ ಪಾಠ ಹೇಳಿದ್ದಳು!

ಅವಳು ಒಲೆಯ ಕಡೆ ತೂರಾಡಿಕೊಂಡು ಹೋದಳು. ಹೊಗೆಕೊಳವೆಯ ಬಿಲ್ಲೆ ಅಡ್ಡ ತಿರುಗಿತ್ತು. ಹಿಮ ಹತ್ತಿದ ಕೈಗವಸುಗಳನ್ನು ಕಿತ್ತು ಒಲೆಯ ಅಂಚಿಗೆ ಹಾಕಿ ಅದರ ಹಿಡಿಗೆ ಕೈಹಾಕಿದಳು, ಬೆರಳುಗಳು ಬಗ್ಗಲಿಲ್ಲ. ಅಷ್ಟರಲ್ಲಿ ಅಜ್ಜಿ ಕೆಂಡ ಕೆದಕುವ ಸಲಾಕೆ ಹಿಡಿದು ಅಡ್ಡ ನಿಂತಳು.

"ಬೇಡ ಮಗಾ, ಬಿಸಿ ಹೊರಗೆ ಹೋಗುತ್ತೆ. ನಿನಗೋಸ್ಕರ ಬೆಳಗಿಂದ ಕೂಡಿಟ್ಟಿದ್ದೀನಿ."

"ಅಜ್ಜೀ, ವಿಷಗಾಳಿ! ಆಫೀಸು ಕೊಟ್ಟ, ವಿಷ ಬಂದ್ರೆ ಕೂಗೋ ಯಂತ್ರ ಎಲ್ಲಿ?"

"ಅದಾ? ಹಿಟ್ಟಿನ ಡಬ್ಬೀಲಿ ಹಾಕಿದೆ. ಪ್ರೊಕಿಪ್ ಬಂದಾಗಿಂದ ಒಂದೇ ಸಮ ಅರಚ್ತಿತ್ತು."

ಅಜ್ಜಿ ಎತ್ತರದ ಹೆಂಗಸು. ಒಂದು ಕಾಲದಲ್ಲಿ ಎತ್ತಿಗೆ ಮೈ ಸರಿಯಿಲ್ಲದ ದಿನ ನೊಗಕ್ಕೆ ಹೆಗಲು ಕೊಟ್ಟವಳೆಂದು ಹೆಸರು. ಮರಗಟ್ಟಿದ ಕೈಯಿಂದ ಅವಳನ್ನು ತಳ್ಳುವುದು ಆಗದ ಮಾತು. ಬುದ್ಧಿ ಹೇಳುವುದೂ ಆಗದು, ಯಾಕೆಂದರೆ ಬದುಕಿದ್ದವರ ಮಾತನ್ನು ಅವಳು ಕೇಳುತ್ತಿರಲಿಲ್ಲ. ಒಡಾರ್ಕಾ ಕಣ್ಣು ಮುಚ್ಚಿದಳು. ಆಮೇಲೆ ಜೀವಮಾನದ ಸುಳ್ಳುಗಳೆಲ್ಲ ಯಾವುದರ ಅಭ್ಯಾಸವಾಗಿದ್ದವೋ ಆ ಸುಳ್ಳನ್ನು ಹೇಳಿದಳು.

"ಅಜ್ಜೀ. ನಾನು ತೆಕ್ಲಾ. ಉರಿ ಅಜ್ಜೀ, ತಡ್ಕೊಳಕ್ಕಾಗ್ತಿಲ್ಲ. ಚಳೀಲಿ ಸತ್ತೋರಿಗೆ ಬಿಸಿ ಅಂದ್ರೆ ಬೆಂಕಿ. ಬಿಲ್ಲೆ ತಿರುಗಿಸು. ಬಾಗಿಲು ತೆಗಿ. ನನ್ನ ಸುಡ್ಬೇಡ."

ಸಲಾಕೆ ಠಣ್ಣೆಂದು ನೆಲಕ್ಕೆ ಬಿತ್ತು.

"ಅಯ್ಯೋ ನನ್ನ ಕೂಸೇ! ನಂಗೆ ಗೊತ್ತೇ ಆಗ್ಲಿಲ್ವಲ್ಲೇ!"

ಪವಿತ್ರ ಸಂಜೆ ಸತ್ತವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವವರುಂಟೇ? ಅಜ್ಜಿ ಬಿಲ್ಲೆ ತಿರುಗಿಸಿದಳು, ಒಲೆಯ ಬಾಯಿ ಮುಚ್ಚಿದಳು, ರಜಾಯಿಗಳನ್ನು ಕಿತ್ತೆಸೆದಳು, ಬಾಗಿಲನ್ನು ಹಾರುಹೊಡೆದಳು. ಬಿರುಗಾಳಿ ಕೋಣೆಯೊಳಗೆ ನುಗ್ಗಿ ಪಟಗಳನ್ನೆಲ್ಲ ತಿರುಗಿಸಿ ಹಾಕಿತು. ಒಡಾರ್ಕಾ ಕಿತ್ತ ರಜಾಯಿಗಳನ್ನು ಅಜ್ಜಿಗೆ ಸುತ್ತಿ, ಎಳೆದುಕೊಂಡು ಮುಂದಿನ ಮರದ ಪಡಸಾಲೆಗೆ ತಂದು ಕೂರಿಸಿ, ತಾನೂ ಒರಗಿದಳು. ಇಬ್ಬರೂ ಮೀನುಗಳಂತೆ ಬಾಯಿ ತೆರೆದು ಗಾಳಿ ಕುಡಿದರು. ಅಜ್ಜಿ ಒಮ್ಮೆ ವಾಂತಿ ಮಾಡಿಕೊಂಡಳು. ಒಳ್ಳೆಯದಾಯಿತು ಎಂದುಕೊಂಡಳು ಒಡಾರ್ಕಾ.

"ತೆಕ್ಲಾ," ಅಜ್ಜಿ ಮೆಲ್ಲಗೆ ಕರೆದಳು. "ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

"ಜಾಗ ಇಲ್ಲ ಅಜ್ಜಿ."

"ನಾನು ಜಾಸ್ತಿ ಜಾಗ ತಗೊಳಲ್ಲ."

"ಅಲ್ಲಿ ಗೊರಕೆ ಹೊಡೆಯೋರನ್ನ ಸೇರಿಸಲ್ಲ."

ಅಜ್ಜಿ ಅದನ್ನು ಯೋಚಿಸಿದಳು. ನ್ಯಾಯವೆನಿಸಿತೋ ಏನೋ. ಆಮೇಲೆ, ಮೂರು ಚಳಿಗಾಲ ಬೆನ್ನು ತಿರುಗಿಸಿಕೊಂಡು ಹೊತ್ತಿದ್ದನ್ನು ಕೆಳಗಿಟ್ಟಳು.

"ಒಂದು ಹೇಳು. ನನ್ನ ದೀಪ ನೋಡಿ ತಾನೇ ನೀನು ಕಾರಿಂದ ಇಳಿದದ್ದು?"

ಬಯಲಿನಲ್ಲಿ ದೀಪ ಮೋಸಗಾತಿ. ಕೈಗೆ ಸಿಕ್ಕಿತು ಅನ್ನುವಷ್ಟು ಹತ್ತಿರ ಕಾಣುತ್ತದೆ, ನಡೆದಷ್ಟೂ ಹಿಂದೆ ಸರಿಯುತ್ತದೆ. ತೆಕ್ಲಾಳ ಮುಖ ಯಾವ ಕಡೆಗಿತ್ತೆಂದು ಒಡಾರ್ಕಾಳಿಗೆ ಗೊತ್ತಿತ್ತು. ಎತ್ತಿ ತಂದವರಲ್ಲಿ ಅವಳೂ ಒಬ್ಬಳು. ಕಾರನ್ನು ಒಂದೇ ಕೈಯಲ್ಲಿ ಎತ್ತಿದ ಕಥೆ ಹೇಳುವಾಗ ತಡವರಿಸದ ನಾಲಗೆ ಈಗ ಅಂಟಿಕೊಂಡಿತು. ಸತ್ತವಳ ಹೆಸರಿನಲ್ಲಿ, ಅವಳಿಗೆಂದೇ ತಟ್ಟೆ ಇಟ್ಟ ದಿನ, ಅವಳ ಸಾವಿನ ಬಗ್ಗೆಯೇ ಸುಳ್ಳು!

"ದೀಪಾನಾ?" ಅಂದಳು. "ನಂಗ್ಯಾವ ದೀಪಾನೂ ಕಾಣ್ಲಿಲ್ಲ ಅಜ್ಜಿ. ಸುಮ್ನೆ ಇಳಿದೆ."

ಅಜ್ಜಿ ಅವಳ ಮುಖ ನೋಡಿದಳು. ಕಣ್ಣಿನ ಮಂಜು ತೆರೆತೆರೆಯಾಗಿ ಸರಿಯಿತು.

"ತೆಕ್ಲಾ ಕಾರಿಂದ ಫೋನ್ ಮಾಡಿದ್ಲು," ಅಂದಳು. "'ಅಜ್ಜೀ, ನಿನ್ನ ದೀಪ ಕಾಣ್ತಿದೆ, ಬಂದೇಬಿಟ್ಟೆ' ಅಂದ್ಲು. ನಾನು 'ಬಾ ಮಗಾ' ಅಂದೆ. 'ಇಳೀಬೇಡ' ಅನ್ಲಿಲ್ಲ. 'ಬಾ' ಅಂದೆ." ರಜಾಯಿ ಬಿಗಿದುಕೊಂಡು ಕೇಳಿದಳು, "ಇಷ್ಟು ಸಲೀಸಾಗಿ ಸುಳ್ಳು ಹೇಳೋಳು ಈ ಬಯಲಿಗೆಲ್ಲ ಒಬ್ಳೇ. ಒಡಾರ್ಕಾ, ನೀನು ಸಾಯ್ಲಿಲ್ಲ ತಾನೇ?"

"ಇಲ್ಲ ಅನ್ಸುತ್ತೆ ಅಜ್ಜಿ." ಅವಳ ಬೆರಳುಗಳಿಗೆ ಜೀವ ಮರಳಿ ಸೂಜಿ ಚುಚ್ಚಿದಂತೆ ನೋಯುತ್ತಿತ್ತು. ಅಷ್ಟು ಸಿಹಿಯಾದ ನೋವನ್ನು ಅವಳು ಯಾವತ್ತೂ ಕಂಡಿರಲಿಲ್ಲ. "ಬೆಳಿಗ್ಗೆ ರಸ್ತೆವರೆಗೂ ಹೋಗಿದ್ಯಾ ನೀನು?"

"ನಾನ್ಯಾಕೆ ಹೋಗ್ಲಿ? ಬಾಗಿಲಲ್ಲೇ ನಿಂತು ಒಂದು ಚಮಚ ಕುತ್ಯಾ ಹಿಡ್ಕೊಂಡು ಕರೆದೆ. ಎಲ್ರೂ ಚಳಿರಾಯನನ್ನ ಊಟಕ್ಕೆ ಕರೀತಾರಲ್ಲ, ಹಾಗೆ. ನಾನು ತೆಕ್ಲಾನೂ ಕರೆದೆ. ಅಷ್ಟೇ."

ಒಡಾರ್ಕಾ ಹೆಜ್ಜೆಗಳಿದ್ದ ದಾರಿಯ ಕಡೆ ಒಮ್ಮೆ ನೋಡಿದಳು.

ಹೊರಗೆ ಹಗಲು ಬೂದಿಯಾಗುತ್ತಿತ್ತು. ದೂರದಲ್ಲಿ, ಗಾಳಿಯ ಕೆಳಗೆ, ಇನ್ನೊಂದು ಗುಡುಗು ಕೇಳಿಸಿತು. ಮೇತ್ರೋ ವಾಪಸು ಬರುತ್ತಿದ್ದ. ಒಡಾರ್ಕಾ ಎದ್ದು ನಿಂತಳು.

"ಅಜ್ಜೀ, ದೀಪ ಎಲ್ಲಿ? ಆಫೀಸಿನವರು ಕೊಟ್ಟ ಬ್ಯಾಟರಿ ದೀಪ?"

"ದೀಪ ಇಡಲ್ಲ."

"ಮೇತ್ರೋ ಬರ್ತಿದ್ದಾನೆ. ಕೆರೆ ಹತ್ರ ತಿರುವು. ಮನೆ ಕಾಣದಿದ್ರೆ ಇಳೀತೀನಿ ಅಂದಿದ್ದಾನೆ."

"ಕಂಡ್ರೂ ಇಳೀತಾರೆ!" ಅಜ್ಜಿಯ ದನಿ ಒಡೆಯಿತು. "ನಾನು ದೀಪ ಇಟ್ಟೆ, ಒಬ್ಳು ಇಳಿದ್ಲು. ಇನ್ನೊಬ್ಬರ ಮುಖ ನನ್ನ ಮನೆ ಕಡೆ ತಿರುಗಿಸಲ್ಲ ನಾನು."

ಒಡಾರ್ಕಾ ಅವಳ ಮುಂದೆ ಕೂತಳು. ಬಡಾಯಿ ಇಲ್ಲ, ಕರಡಿ ಇಲ್ಲ.

"ಅಜ್ಜೀ, ತೆಕ್ಲಾ ಕಾರು ಹೂತಿತ್ತು, ನಡ್ಕೊಂಡು ಬಂದ್ಲು. ಮೇತ್ರೋ ಗಾಡೀಲಿದ್ದಾನೆ. ಅವ್ನಿಗೆ ದೀಪ ಕಂಡ್ರೆ ಗಾಡಿ ಸಮೇತ ಬಾಗಿಲಿಗೆ ಬರ್ತಾನೆ. ಕಾಣದಿದ್ರೆ ನಡ್ಕೊಂಡು ಬರ್ತಾನೆ. ಅಷ್ಟೇ ವ್ಯತ್ಯಾಸ. ನಿಂಗೆ ಯಾವುದು ಬೇಕು?"

ಗುಡುಗು ಹತ್ತಿರವಾಯಿತು. ಆಮೇಲೆ ಒಂದೇ ಕಡೆ ನಿಂತಿತು, ಕೆರೆಯ ತಿರುವಿನಲ್ಲಿ.

ಅಜ್ಜಿ ರಜಾಯಿ ಕೊಡವಿ ಎದ್ದಳು. ಮೂಗು ಮುಚ್ಚಿಕೊಂಡು ಒಳಗೆ ಹೋಗಿ, ಮಂಚದಡಿಯ ಡಬ್ಬಿಯಿಂದ ಹೊಸ ದೀಪ ತೆಗೆದು, ಪಡಸಾಲೆಯ ಕಿಟಕಿಯಲ್ಲಿ ಇಟ್ಟಳು. ಗುಂಡಿ ಒತ್ತಿದಳು. ಬೆಳಕು ಹೊರಗಿನ ಬಿಳುಪಿಗೆ ಹೋಗಿ ತಗುಲಿತು. ಅಜ್ಜಿ ಗಾಜಿಗೆ ಹಣೆ ಹಚ್ಚಿ, ಒಂದೇ ಸಮ ಪಿಸುಗುಟ್ಟತೊಡಗಿದಳು.

"ಇಳೀಬೇಡ ಮಗಾ. ಗಾಡೀಲೇ ಇರು. ಬರ್ಬೇಡ, ಇಳೀಬೇಡ. ಇಳೀಬೇಡ."

ಅವಳ ಉಸಿರು ಗಾಜಿನ ಮೇಲೆ ಹೂವಾಗಿ ಹೆಪ್ಪುಗಟ್ಟುತ್ತಿತ್ತು. ಒರೆಸಿ ಮತ್ತೆ ಹೇಳುತ್ತಿದ್ದಳು. ಆ ದನಿ ಒಡಾರ್ಕಾಳಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗುಡುಗು ಅಲ್ಲೇ ನಿಂತಿತ್ತು. ಎಷ್ಟು ಹೊತ್ತೋ, ಒಂದು ಚಳಿಗಾಲದಷ್ಟು ಹೊತ್ತು ನಿಂತಿತ್ತು. ಆಮೇಲೆ ಗರ್ಜಿಸಿ, ತಿರುಗಿ, ಎರಡು ಹಳದಿ ಕಣ್ಣುಗಳಾಗಿ ಬಂದು ಮೆಟ್ಟಿಲಿಗೆ ರೆಕ್ಕೆ ತಾಗಿಸಿ ನಿಂತಿತು.

ಮೇತ್ರೋ ಒಳಗೆ ಬಂದವನೇ ಒಡಾರ್ಕಾಳ ಮೇಲೆ ಹರಿಹಾಯ್ದ.

"ನಿಂಗೇನು ತಲೆ ಕೆಟ್ಟಿದ್ಯಾ? ಅಲ್ಲಿವರೆಗೂ ಯಾಕೆ ಬಂದೆ?"

"ಎಲ್ಲಿವರೆಗೂ?"

"ತಿರುವಿನ ಹತ್ರ! ಏನೂ ಕಾಣ್ಲಿಲ್ಲ, ಇಳಿಯೋಣ ಅಂತ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟೆ. ನೀನು ಹೊರಗಿಂದ ಬಾಗಿಲು ಒತ್ತಿ ಮುಚ್ಚಿದೆ. ಕಾಲು ಸಿಕ್ಕೊಂಡು ಚರ್ಮ ಕಿತ್ತೋಗಿದೆ, ನೋಡು. 'ಇಳೀಬೇಡ, ಕೂತಿರು' ಅಂದೆ. ಬೈಯೋಣ ಅಂತ ಗಾಜು ಒರೆಸಿದ್ರೆ ನೀನಿಲ್ಲ. ದೀಪ ಮಾತ್ರ ಕಾಣ್ತು."

ಬೇರೆ ಯಾವ ದಿನವಾದರೂ ಆಗಿದ್ದರೆ ಒಡಾರ್ಕಾ "ಹೌದು ಕಣೋ, ನಾನೇ" ಎಂದು ಅದಕ್ಕೆರಡು ತೋಳಗಳನ್ನೂ ಸೇರಿಸಿ ಹೇಳುತ್ತಿದ್ದಳು. ಅವಳು ಅಜ್ಜಿಯನ್ನು ನೋಡಿದಳು.

"ಮೇತ್ರೋ," ಅಜ್ಜಿ ಕೇಳಿದಳು, "ಬಾಗಿಲು ಒತ್ತಿದ ಕೈ ನೋಡಿದ್ಯಾ?"

"ಕಿಟಕಿ ಗಾಜಿನ ಮೇಲೇ ಇತ್ತಲ್ಲ ಅಜ್ಜಿ. ಬರಿಗೈ. ಈ ಚಳೀಲಿ ಯಾವ ಹುಚ್ಚಿ ಬರಿಗೈಲಿ ಓಡಾಡ್ತಾಳೆ?"

ಕೋಣೆ ಈಗ ಗಾಳಿಯಾಡಿ ತಣ್ಣಗಾಗಿತ್ತು. ಅಜ್ಜಿ ಒಳಗೆ ಹೋಗಿ ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ ಕುತ್ಯಾ ಬಡಿಸಿದಳು. ಬದುಕಿದ್ದ ಮೂವರೂ ನಿಂತುಕೊಂಡೇ ಒಂದೊಂದು ಚಮಚ ತಿಂದರು. ಆಸ್ಪತ್ರೆಗೆ ಹೊರಡಬೇಕಿತ್ತು, ತಲೆಗೇರಿದ ವಿಷ ಮರಳಿ ಕಾಡುತ್ತದೆಂದು ಒಡಾರ್ಕಾಳಿಗೆ ಗೊತ್ತಿತ್ತು. ಮೇತ್ರೋ ಅಜ್ಜಿಯನ್ನು ಮೂಟೆಯಂತೆ ಎತ್ತಿಕೊಂಡ.

"ಇಳಿಸೋ, ಒಂದು ಗಳಿಗೆ," ಅಂದಳು ಅಜ್ಜಿ.

ಒಲೆಯ ಅಂಚಿನಲ್ಲಿ ಒಡಾರ್ಕಾಳ ಉಣ್ಣೆಯ ಕೈಗವಸುಗಳು ಒಣಗುತ್ತಿದ್ದವು. ಅಜ್ಜಿ ಅವನ್ನು ತೆಗೆದು, ಒಂದಕ್ಕೊಂದು ಜೋಡಿಸಿ, ಆ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಇನ್ನೂ ಬಿಸಿಯಿದ್ದವು. ಒಡಾರ್ಕಾ ತನ್ನವೆಂದು ಹೇಳಲಿಲ್ಲ. ಊರು ಮುಟ್ಟುವವರೆಗೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಳು.